ಓಡುವ ರೈಲಿನೊಳಗೆ ಮೇಲಕ್ಕೆ ಹಾರಿದರೆ ಹಿಂದೆ ಯಾಕೆ ಬೀಳುವುದಿಲ್ಲ?

ರೈಲು ಗಂಟೆಗೆ 72 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 20 ಮೀಟರ್. ಬೋಗಿಯ ಓಣಿಯಲ್ಲಿ ನಿಂತ ಹುಡುಗನೊಬ್ಬ 30 ಸೆಂ.ಮೀ. ಎತ್ತರಕ್ಕೆ ಹಾರುತ್ತಾನೆ. ಅಷ್ಟೆತ್ತರ ಹೋಗಿ ಮತ್ತೆ ನೆಲ ಮುಟ್ಟಲು ಹೆಚ್ಚುಕಡಿಮೆ ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ರೈಲು 10 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾದರೆ ಹುಡುಗ ಅರ್ಧ ಬೋಗಿಯಷ್ಟು ಹಿಂದೆ ಹೋಗಿ ಬೀಳಬೇಕಿತ್ತಲ್ಲ? ಬೀಳುವುದಿಲ್ಲ. ಎದ್ದ ಜಾಗಕ್ಕೇ ಇಳಿಯುತ್ತಾನೆ.

ತಪ್ಪು ಪ್ರಶ್ನೆಯೊಳಗೇ ಅಡಗಿದೆ. ಕಾಲು ನೆಲ ಬಿಟ್ಟ ಕೂಡಲೇ ಹುಡುಗನ ಮುಂದಿನ ಓಟವೂ ನಿಂತುಹೋಗುತ್ತದೆ ಎಂದು ನಾವು ಗೊತ್ತಿಲ್ಲದೆಯೇ ಊಹಿಸಿಕೊಂಡಿರುತ್ತೇವೆ. ಹಾರುವ ಮೊದಲು ಅವನೂ ಸೆಕೆಂಡಿಗೆ 20 ಮೀಟರ್ ವೇಗದಲ್ಲೇ ಸಾಗುತ್ತಿದ್ದ. ಹಾರಿದಾಗ ಕಾಲು ಅವನನ್ನು ಮೇಲಕ್ಕೆ ತಳ್ಳಿತೇ ಹೊರತು ಹಿಂದಕ್ಕೆ ಎಳೆಯಲಿಲ್ಲ. ಗುರುತ್ವ ಕೆಳಕ್ಕೆ ಎಳೆಯುತ್ತದೆ, ಅದೂ ಹಿಂದಕ್ಕಲ್ಲ. ಹಿಂದಕ್ಕೆ ಎಳೆಯುವ ಬಲವೇ ಇಲ್ಲದ ಮೇಲೆ ಮುಂದಿನ ವೇಗ ಕಡಿಮೆಯಾಗಲು ಕಾರಣವೇ ಇಲ್ಲ. ಗಾಳಿಯಲ್ಲಿದ್ದ ಆ ಅರ್ಧ ಸೆಕೆಂಡಿನಲ್ಲಿ ಅವನೂ 10 ಮೀಟರ್ ಮುಂದೆ ಬಂದಿದ್ದಾನೆ. ಹಳಿಯ ಪಕ್ಕ ನಿಂತು ನೋಡುವವರಿಗೆ ಅವನ ದಾರಿ ಉದ್ದನೆಯ ಚಪ್ಪಟೆ ಬಿಲ್ಲಿನಂತೆ ಕಾಣುತ್ತದೆ, ಎದುರು ಸೀಟಿನಲ್ಲಿ ಕೂತವರಿಗೆ ನೆಟ್ಟಗೆ ಮೇಲೆ ಹೋಗಿ ಕೆಳಗೆ ಬಂದಂತೆ. ಎರಡೂ ಸರಿ.

ಇರುವ ವೇಗವನ್ನು, ಇರುವ ದಿಕ್ಕನ್ನು, ಬೇರೊಂದು ಬಲ ಬಂದು ಬದಲಿಸುವ ತನಕ ಹಾಗೇ ಉಳಿಸಿಕೊಳ್ಳುವ ಈ ಗುಣವೇ ಜಡತ್ವ. ಅದು ಬಲವಲ್ಲ. "ಜಡತ್ವದ ಬಲದಿಂದ ಮುಂದಕ್ಕೆ ಬಿದ್ದ" ಎಂದು ಬರೆಯುವವರು ಬಹಳ ಮಂದಿ. ಗೊಂದಲದ ಮುಕ್ಕಾಲು ಪಾಲು ಶುರುವಾಗುವುದೇ ಈ ಮಾತಿನಿಂದ.

ಗೆಲಿಲಿಯೋ 1632ರಲ್ಲಿ ಇದನ್ನೇ ಹಡಗಿನ ಉದಾಹರಣೆ ಕೊಟ್ಟು ವಿವರಿಸಿದ. ಹಡಗಿನ ಕೆಳ ಅಂತಸ್ತಿನ ಮುಚ್ಚಿದ ಕೋಣೆಯಲ್ಲಿ ಹಾರಾಡುವ ಚಿಟ್ಟೆಗಳು, ಪಾತ್ರೆಯಲ್ಲಿ ಈಜುವ ಮೀನುಗಳು, ಮೇಲಿಂದ ಕಿರುಬಾಯಿಯ ಪಾತ್ರೆಗೆ ತೊಟ್ಟಿಕ್ಕುವ ನೀರು. ಹಡಗು ನಿಂತಿದ್ದರೂ ಒಂದೇ, ಅಲುಗಾಟವಿಲ್ಲದೆ ಒಂದೇ ವೇಗದಲ್ಲಿ ನೇರ ಸಾಗುತ್ತಿದ್ದರೂ ಒಂದೇ. ಇವುಗಳನ್ನು ಎಷ್ಟು ಹೊತ್ತು ನೋಡಿದರೂ ಹಡಗು ಚಲಿಸುತ್ತಿದೆಯೋ ಇಲ್ಲವೋ ಹೇಳಲಾಗದು. ಎಂಟು ವರ್ಷದ ಬಳಿಕ, 1640ರಲ್ಲಿ, ಫ್ರಾನ್ಸಿನ ವಿದ್ವಾಂಸ ಪಿಯರ್ ಗ್ಯಾಸೆಂಡಿ ಅಲ್ಲಿನ ಮಾರ್ಸೇ ಬಂದರಿನಲ್ಲಿ ಓಡುವ ಹಡಗಿನ ಕೂವೆಯ (ಹಾಯಿ ಕಟ್ಟುವ ಕಂಬದ) ತುದಿಯಿಂದ ಕಲ್ಲು ಬಿಡಿಸಿ ಎಲ್ಲರ ಕಣ್ಣೆದುರೇ ಪರೀಕ್ಷಿಸಿದ. ಕಲ್ಲು ಕೂವೆಯ ಬುಡಕ್ಕೇ ಬಿತ್ತು.

ಹೆಲಿಕಾಪ್ಟರ್ ಒಂದೇ ಕಡೆ ಗಾಳಿಯಲ್ಲಿ ನಿಂತರೆ ಕೆಳಗೆ ಭೂಮಿ ತಿರುಗಿ ಬೇರೆ ಊರು ಬರಬೇಕಲ್ಲವೇ ಎಂಬ ಪ್ರಶ್ನೆಗೂ ಇದೇ ಉತ್ತರ. ಸಮಭಾಜಕದ ಬಳಿ ನೆಲ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಮೇಲೇಳುವ ಮುಂಚೆ ಹೆಲಿಕಾಪ್ಟರ್‌ಗೂ ಅದೇ ವೇಗ, ಸುತ್ತಲಿನ ಗಾಳಿಗೂ ಹೆಚ್ಚುಕಡಿಮೆ ಅದೇ ವೇಗ.

ಎರಡು ಕೊಸರು

ಮೇಲಿನ ಉತ್ತರಕ್ಕೆ ಎರಡು ಷರತ್ತುಗಳಿವೆ. ಮೊದಲನೆಯದು, ಹುಡುಗ ಗಾಳಿಯಲ್ಲಿರುವಾಗ ರೈಲಿನ ವೇಗ ಬದಲಾಗಬಾರದು. ನಿಲ್ದಾಣ ಬಿಟ್ಟ ರೈಲು ಪ್ರತಿ ಸೆಕೆಂಡಿಗೆ ಅರ್ಧ ಮೀ/ಸೆ ನಂತೆ ವೇಗ ಏರಿಸಿಕೊಳ್ಳುತ್ತಿದ್ದರೆ (ವೇಗೋತ್ಕರ್ಷ 0.5 ಮೀ/ಸೆ²), ಅರ್ಧ ಸೆಕೆಂಡಿನಲ್ಲಿ ಬೋಗಿ ಅವನಿಗಿಂತ 6 ಸೆಂ.ಮೀ. ಮುಂದೆ ಹೋಗುತ್ತದೆ. ಅವನು ಅಷ್ಟು ಹಿಂದೆ ಇಳಿಯುತ್ತಾನೆ. ಮೆಟ್ರೊ ರೈಲಿನಲ್ಲಿ ತುರ್ತು ಬ್ರೇಕ್ ಬಿದ್ದು ವೇಗ 1.3 ಮೀ/ಸೆ² ದರದಲ್ಲಿ ಇಳಿಯುತ್ತಿದ್ದರೆ 16 ಸೆಂ.ಮೀ. ಮುಂದೆ. ಈ ಲೆಕ್ಕದಲ್ಲಿ ರೈಲಿನ ವೇಗ ಎಲ್ಲೂ ಬರುವುದಿಲ್ಲ ಎಂಬುದನ್ನು ಗಮನಿಸಿ. ರೈಲು ಗಂಟೆಗೆ 10 ಕಿ.ಮೀ. ಓಡುತ್ತಿರಲಿ, 200 ಕಿ.ಮೀ. ಓಡುತ್ತಿರಲಿ, ಅದೇ 6, ಅದೇ 16. ವಾಹನದೊಳಗೆ ಕೂತವರಿಗೆ ವೇಗ ತಟ್ಟುವುದಿಲ್ಲ, ವೇಗದ ಬದಲಾವಣೆ ತಟ್ಟುತ್ತದೆ. ಮುಂದಿನದೆಲ್ಲ ಇದೊಂದರ ವಿಸ್ತಾರ.

ಎರಡನೆಯದು ಗಾಳಿ. ಬೋಗಿಯೊಳಗಿನ ಗಾಳಿ ಬೋಗಿಯ ಜೊತೆಗೇ ಬರುತ್ತಿರುತ್ತದೆ. ಮುಚ್ಚಿದ ಕಾರಿನಲ್ಲಿ ಹಾರುವ ನೊಣ ಹಿಂದಿನ ಗಾಜಿಗೆ ಅಪ್ಪಳಿಸದಿರುವುದೂ ಅದಕ್ಕೇ. ನೊಣ ರಸ್ತೆಯ ಜೊತೆ ಸ್ಪರ್ಧೆಗೆ ಇಳಿದಿಲ್ಲ, ತನ್ನ ಸುತ್ತಲಿನ ಗಾಳಿಯಲ್ಲಿ ಹಾರುತ್ತಿದೆ. ರೈಲಿನ ಚಾವಣಿಯ ಮೇಲೆ ಹೋದರೆ ಕಥೆ ಬೇರೆ. ಅಲ್ಲಿ ಗಂಟೆಗೆ 72 ಕಿ.ಮೀ. ವೇಗದ ಎದುರುಗಾಳಿ ನಿಂತ ಮನುಷ್ಯನನ್ನು ಸುಮಾರು 15ರಿಂದ 20 ಕೆ.ಜಿ. ತೂಕದಷ್ಟು ಬಲದಿಂದ ಹಿಂದಕ್ಕೆ ದೂಡುತ್ತದೆ. ಅಲ್ಲಿ ಹಾರಿದರೂ ಅರ್ಧ ಸೆಕೆಂಡಿಗೆ ಹಿಂದೆ ಸರಿಯುವುದು 30–40 ಸೆಂ.ಮೀ. ಮಾತ್ರ, ಹತ್ತು ಮೀಟರ್ ಅಲ್ಲ. ಸಿನಿಮಾಗಳಲ್ಲಿ ಇದನ್ನು ಎರಡೂ ಕಡೆಯಿಂದ ತಪ್ಪಾಗಿ ತೋರಿಸುತ್ತಾರೆ: ಕೆಲವರು ಚಾವಣಿಯ ಮೇಲೆ ಗಾಳಿಯೇ ಇಲ್ಲದಂತೆ ಓಡಾಡುತ್ತಾರೆ, ಕೆಲವರು ಹಾರಿದ ಕೂಡಲೇ ನಾಲ್ಕು ಬೋಗಿ ಹಿಂದೆ ಹೋಗುತ್ತಾರೆ.

ವೇಗವನ್ನು ಕೂಡಿ ಕಳೆಯುವುದು

ಗಂಟೆಗೆ 100 ಕಿ.ಮೀ. ಓಡುವ ರೈಲಿನಲ್ಲಿ ಎಂಜಿನ್ನಿನ ಕಡೆಗೆ 5 ಕಿ.ಮೀ. ವೇಗದಲ್ಲಿ ನಡೆದರೆ ನೆಲದ ಲೆಕ್ಕದಲ್ಲಿ ನಿಮ್ಮ ವೇಗ 105, ಹಿಂಬದಿಗೆ ನಡೆದರೆ 95. ಸಾಪೇಕ್ಷ ಚಲನೆ ಎಂದರೆ ಇಷ್ಟೇ: ಯಾರಿಗೆ ಹೋಲಿಸಿ ಎಂಬುದನ್ನು ಮೊದಲು ಹೇಳಿ, ಆಮೇಲೆ ಕೂಡಿ ಅಥವಾ ಕಳೆಯಿರಿ. ಲೆಕ್ಕ ಸುಲಭ. ಆದರೆ ಅದರ ಪರಿಣಾಮವನ್ನು ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ.

ಗಂಟೆಗೆ 110 ಕಿ.ಮೀ. ಓಡುವ ರೈಲಿನ ಕಿಟಕಿಯಿಂದ ಅರ್ಧ ಲೀಟರ್ ನೀರು ತುಂಬಿದ ಬಾಟಲಿಯನ್ನು ಸುಮ್ಮನೆ ಕೈಬಿಟ್ಟರು ಎನ್ನಿ. ಬಿಟ್ಟವರ ಕಣ್ಣಿಗೆ ಅದು ಕೆಳಗೆ ಬಿದ್ದು ಹಿಂದೆ ಉಳಿದಂತೆ ಕಾಣುತ್ತದೆ. ಹಳಿಯ ಪಕ್ಕ ಕೆಲಸ ಮಾಡುವವರಿಗೆ ಅದು ಸೆಕೆಂಡಿಗೆ 30 ಮೀಟರಿಗೂ ಹೆಚ್ಚು ವೇಗದಲ್ಲಿ ಎದುರಿಂದ ಬರುವ ಅರ್ಧ ಕಿಲೋ ಭಾರ. 48 ಮೀಟರ್ ಎತ್ತರದಿಂದ, ಅಂದರೆ ಹದಿನೈದು ಹದಿನಾರು ಅಂತಸ್ತಿನ ಮೇಲಿಂದ ಬಿದ್ದ ಬಾಟಲಿಗೆ ಎಷ್ಟು ಹೊಡೆತವೋ ಅಷ್ಟೇ ಹೊಡೆತ. ಎಸೆದವರು ಎಸೆಯಲೇ ಇಲ್ಲ, ಬಿಟ್ಟರು ಅಷ್ಟೇ. ವೇಗ ಕೊಟ್ಟದ್ದು ರೈಲು.

ರಸ್ತೆಯಲ್ಲಿ ಓವರ್‌ಟೇಕ್ ಮಾಡುವಾಗ ಎಡವುವುದೂ ಈ ಲೆಕ್ಕದಲ್ಲೇ. ಮುಂದೆ 60 ಕಿ.ಮೀ. ವೇಗದ ಲಾರಿ, ನಿಮ್ಮ ಕಾರಿನದು 72. ಸ್ಪೀಡೋಮೀಟರ್ 72 ಎನ್ನುತ್ತದೆ, ಆದರೆ ಲಾರಿಯನ್ನು ದಾಟಲು ಸಿಗುವುದು ವ್ಯತ್ಯಾಸವಾದ 12 ಕಿ.ಮೀ. ಮಾತ್ರ, ಸೆಕೆಂಡಿಗೆ 3.3 ಮೀಟರ್. ಲಾರಿಯ ಉದ್ದ 12 ಮೀಟರ್, ಕಾರಿನದು 4, ಹಿಂದೆ ಮುಂದೆ ಬಿಡಬೇಕಾದ ಅಂತರ ತಲಾ 12: ಒಟ್ಟು 40 ಮೀಟರ್ ಗಳಿಸಬೇಕು. ಅದಕ್ಕೆ 12 ಸೆಕೆಂಡು. ಆ 12 ಸೆಕೆಂಡಿನಲ್ಲಿ ನೀವು ರಸ್ತೆಯ ಮೇಲೆ 240 ಮೀಟರ್ ಸಾಗಿರುತ್ತೀರಿ, ಎದುರಿನಿಂದ 72ರಲ್ಲಿ ಬರುವ ವಾಹನವೂ 240 ಮೀಟರ್ ಹತ್ತಿರ ಬಂದಿರುತ್ತದೆ. ಅಂದರೆ ಶುರು ಮಾಡುವಾಗ ಎದುರಿನ ರಸ್ತೆ ಕನಿಷ್ಠ 480 ಮೀಟರ್ ಖಾಲಿ ಇರಬೇಕು, ಇದರಲ್ಲಿ ಉಳಿಕೆ ಅಂತರ ಸೇರಿಲ್ಲ. ನಡುವೆ ಲಾರಿಯವನು ಬರೀ 5 ಕಿ.ಮೀ. ವೇಗ ಹೆಚ್ಚಿಸಿದರೆ ವ್ಯತ್ಯಾಸ 7ಕ್ಕೆ ಇಳಿಯುತ್ತದೆ, ಬೇಕಾದ ಸಮಯ 20 ಸೆಕೆಂಡು ದಾಟುತ್ತದೆ, ಖಾಲಿ ರಸ್ತೆ 800 ಮೀಟರಿಗಿಂತ ಹೆಚ್ಚು ಬೇಕಾಗುತ್ತದೆ. ಐದು ಕಿ.ಮೀ. ಏನು ಮಹಾ ಎನ್ನಿಸುವುದು ನೆಲದ ಲೆಕ್ಕದಲ್ಲಿ. ವ್ಯತ್ಯಾಸದ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ ಅರ್ಧ.

ನಿಂತವರ ಪಾಡು

ಬಸ್ಸು ಹೊರಟಾಗ ನಿಂತವರು "ಹಿಂದಕ್ಕೆ ಎಸೆಯಲ್ಪಡುತ್ತಾರೆ" ಎಂಬ ವರ್ಣನೆ ಬಸ್ಸಿನೊಳಗಿನವರದು. ರಸ್ತೆಯಿಂದ ನೋಡಿದರೆ ಯಾರೂ ಹಿಂದಕ್ಕೆ ಹೋಗಿಲ್ಲ. ಬಸ್ಸಿನ ನೆಲ ಘರ್ಷಣೆಯಿಂದ ಪಾದವನ್ನು ಮುಂದಕ್ಕೆ ಎಳೆದುಕೊಂಡಿತು, ಮೇಲಿನ ದೇಹಕ್ಕೆ ಆ ಎಳೆತ ತಲುಪುವುದು ತಡವಾಯಿತು, ಅಷ್ಟೇ. ಬ್ರೇಕ್ ಹಾಕಿದಾಗ ಇದೇ ತಿರುಗುಮುರುಗು: ಪಾದ ನಿಧಾನವಾಯಿತು, ಮುಂಡ ಹಳೆಯ ವೇಗದಲ್ಲೇ ಹೊರಟಿತು.

ಎಷ್ಟು ಬ್ರೇಕಿಗೆ ಬೀಳುತ್ತೇವೆ ಎಂಬುದನ್ನು ಕಾಗದದ ಮೇಲೆಯೇ ಅಂದಾಜು ಮಾಡಬಹುದು. ನಿಂತ ಮನುಷ್ಯನ ಗುರುತ್ವಕೇಂದ್ರ ನೆಲದಿಂದ ಸುಮಾರು 1 ಮೀಟರ್ ಎತ್ತರದಲ್ಲಿ, ಹೊಕ್ಕುಳಿನ ಆಸುಪಾಸಿನಲ್ಲಿದೆ. ಎಂಜಿನ್ನಿನ ಕಡೆ ಮುಖ ಮಾಡಿ ಕಾಲು ಜೋಡಿಸಿ ನಿಂತರೆ ಆ ಕೇಂದ್ರದಿಂದ ಕಾಲ್ಬೆರಳಿನ ತುದಿಗೆ ಮುಂದಕ್ಕೆ ಸಿಗುವ ಆಸರೆ ಹೆಚ್ಚೆಂದರೆ 12 ಸೆಂ.ಮೀ. ಆಸರೆಯನ್ನು ಎತ್ತರದಿಂದ ಭಾಗಿಸಿ 9.8ರಿಂದ ಗುಣಿಸಿದರೆ 1.2 ಮೀ/ಸೆ² ಬರುತ್ತದೆ. ಬ್ರೇಕ್ ಇದನ್ನು ಮೀರಿದರೆ ಹೆಜ್ಜೆ ಕಿತ್ತಿಡಲೇಬೇಕು. ನಯವಾಗಿ ಓಡಿಸುವ ಬಸ್ಸಿನ ಸಾಮಾನ್ಯ ಬ್ರೇಕೇ ಇಷ್ಟಿರುತ್ತದೆ. ಇನ್ನು ಕಿಟಕಿಯ ಕಡೆ ಮುಖ ಮಾಡಿ, ಬಸ್ಸು ಹೋಗುವ ದಿಕ್ಕಿಗೆ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಬರುವಂತೆ 50 ಸೆಂ.ಮೀ. ಅಗಲಿಸಿ ನಿಂತರೆ ಆಸರೆ 25 ಸೆಂ.ಮೀ. ಆಗುತ್ತದೆ, ತಡೆಯುವ ಶಕ್ತಿ ಎರಡು ಪಟ್ಟಾಗುತ್ತದೆ. ದಿನಾ ನಿಂತು ಹೋಗುವವರು ಯಾರೂ ಹೇಳಿಕೊಡದೆಯೇ ಹೀಗೆ ನಿಲ್ಲುತ್ತಾರೆ.

ತುರ್ತು ಬ್ರೇಕಿನಲ್ಲಿ ಬಸ್ಸಿನ ವೇಗ 5 ಮೀ/ಸೆ² ದರದಲ್ಲಿ ಇಳಿದರೆ ಕಾಲೊಂದೇ ಸಾಲದು, ಕೈ ಬೇಕು. ಎಲ್ಲಿ ಹಿಡಿಯುತ್ತೀರಿ ಎಂಬುದು ಮುಖ್ಯ. 60 ಕೆ.ಜಿ. ತೂಕದವರು ಕಾಲು ಅಗಲಿಸಿ ನಿಂತು, 1.9 ಮೀಟರ್ ಎತ್ತರದ ಮೇಲಿನ ಕಂಬಿ ಹಿಡಿದರೆ ಕೈಗೆ ಬೀಳುವ ಎಳೆತ ಸುಮಾರು 8 ಕೆ.ಜಿ. ತೂಕದಷ್ಟು. ಸೀಟಿನ ಬೆನ್ನಿನ 90 ಸೆಂ.ಮೀ. ಎತ್ತರದ ಹಿಡಿಕೆ ಹಿಡಿದರೆ ಅದರ ಎರಡು ಪಟ್ಟಿಗೂ ಹೆಚ್ಚು, ಸುಮಾರು 17. ಪಾದದ ಸುತ್ತ ತಿರುಗಿ ಬೀಳುವ ದೇಹವನ್ನು ಎತ್ತರದಲ್ಲಿ ತಡೆದಷ್ಟೂ ಕಡಿಮೆ ಬಲ ಸಾಕು. ನೇತಾಡುವ ಪಟ್ಟಿಯ ಹಿಡಿಕೆಗೆ ಮಾತ್ರ ಒಂದು ಕೊರತೆಯಿದೆ: ಅದು ಓಲಾಡಿ ಬಿಗಿಯಾಗುವ ತನಕ ನಿಮ್ಮನ್ನು ತಡೆಯುವುದಿಲ್ಲ, ಅಷ್ಟರಲ್ಲಿ ದೇಹ ವೇಗ ಹಿಡಿದಿರುತ್ತದೆ.

ಇನ್ನೊಂದು ವಿಚಿತ್ರವನ್ನು ಎಲ್ಲರೂ ಅನುಭವಿಸಿರುತ್ತಾರೆ, ಕಾರಣ ಕೇಳುವವರು ಕಡಿಮೆ. ಬಸ್ಸು ಪೂರ್ತಿ ನಿಂತ ಆ ಗಳಿಗೆಯಲ್ಲಿ ಜನ ಹಿಂದಕ್ಕೆ ವಾಲುತ್ತಾರೆ. ಬ್ರೇಕಿಗೆ ಮುಂದಕ್ಕಲ್ಲವೇ ಬೀಳಬೇಕು? ಬ್ರೇಕ್ 1.5 ಮೀ/ಸೆ² ಇದ್ದಷ್ಟು ಹೊತ್ತೂ ನೀವು ಬೀಳದಿರಲು ಸುಮಾರು 9 ಡಿಗ್ರಿ ಹಿಂದಕ್ಕೆ ಬಾಗಿ ಸಮತೋಲನ ಹಿಡಿದಿರುತ್ತೀರಿ. ಚಕ್ರ ನಿಂತ ಕ್ಷಣ 1.5 ಇದ್ದದ್ದು ಒಮ್ಮೆಲೇ ಸೊನ್ನೆಯಾಗುತ್ತದೆ. ಬಾಗಿದ ದೇಹ ಬಾಗಿದಂತೆಯೇ ಉಳಿಯಿತು, ಅದನ್ನು ಎದುರಿನಿಂದ ತೂಗಿಸುತ್ತಿದ್ದ ಬ್ರೇಕ್ ಹೋಯಿತು. ಜೊತೆಗೆ ಬ್ರೇಕಿಗೆ ಮೂಗು ತಗ್ಗಿಸಿದ್ದ ಬಸ್ಸು ಸ್ಪ್ರಿಂಗುಗಳ ಮೇಲೆ ಹಿಂದಕ್ಕೆ ಜಗ್ಗುತ್ತದೆ. ಸ್ನಾಯುಗಳು ಎಚ್ಚೆತ್ತುಕೊಳ್ಳಲು ಸೆಕೆಂಡಿನ ಹತ್ತರಲ್ಲಿ ಒಂದೆರಡು ಭಾಗವಾದರೂ ಬೇಕು, ಅಷ್ಟು ಪುರುಸೊತ್ತು ಸಿಗುವುದಿಲ್ಲ. ಕೈಪಳಗಿದ ಚಾಲಕ ನಿಲ್ಲುವ ಕೊನೆಯ ಒಂದು ಮೀಟರಿನಲ್ಲಿ ಪೆಡಲನ್ನು ಒತ್ತುವುದಿಲ್ಲ, ಸ್ವಲ್ಪ ಸಡಿಲಿಸುತ್ತಾನೆ. ಸೀಟಿನಲ್ಲಿ ಕೂತು ಬರೀ ಈ ಕೊನೆಯ ಮೀಟರನ್ನು ಗಮನಿಸಿದರೆ ಸಾಕು, ಚಾಲಕನ ಕೈಚಳಕ ಗೊತ್ತಾಗುತ್ತದೆ.

ವಾಲಿದ ಗುರುತ್ವ

ವೇಗ ಬದಲಾಗುತ್ತಿರುವ ವಾಹನದೊಳಗೆ ಲೆಕ್ಕ ಮಾಡಲು ಒಂದು ಸುಲಭ ದಾರಿಯಿದೆ. "ಕೆಳಗೆ" ಎಂಬ ದಿಕ್ಕೇ ಸ್ವಲ್ಪ ವಾಲಿದೆ ಎಂದುಕೊಂಡುಬಿಡಿ. ಕಾರು 2 ಮೀ/ಸೆ² ದರದಲ್ಲಿ ವೇಗ ಏರಿಸುತ್ತಿದ್ದರೆ ಕನ್ನಡಿಗೆ ಕಟ್ಟಿದ ದಾರದ ಗುಂಡು 11.5 ಡಿಗ್ರಿ ಹಿಂದಕ್ಕೆ ವಾಲಿ ನಿಲ್ಲುತ್ತದೆ. ಅರ್ಧ ತುಂಬಿದ ಬಾಟಲಿಯ ನೀರಿನ ಮೇಲ್ಮೈಯೂ ಅದೇ 11.5 ಡಿಗ್ರಿ ಓರೆಯಾಗಿ ಹಿಂಬದಿಗೆ ಏರುತ್ತದೆ. ವೇಗೋತ್ಕರ್ಷವನ್ನು 9.8ರಿಂದ ಭಾಗಿಸಿದರೆ ಆ ಕೋನದ ಟ್ಯಾಂಜೆಂಟ್ ಸಿಗುತ್ತದೆ, ಗುಂಡು ಭಾರವೋ ಹಗುರವೋ ಲೆಕ್ಕಕ್ಕಿಲ್ಲ. ದಾರ, ಗುಂಡು ಮತ್ತು ಕೋನಮಾಪಕ ಇದ್ದರೆ ಯಾವ ವಾಹನದ ಬ್ರೇಕನ್ನೂ ಅಳೆಯಬಹುದು. ಗುಂಡಿನ ಓಲಾಟ ನಿಂತ ಮೇಲೆ ಓದಬೇಕು, ರಸ್ತೆ ಇಳಿಜಾರಾಗಿರಬಾರದು ಎಂಬೆರಡು ಎಚ್ಚರಿಕೆ ಸಾಕು.

ಅದೇ ಕಾರಿನೊಳಗೆ ಹೀಲಿಯಂ ತುಂಬಿದ ಬಲೂನಿಗೆ ದಾರ ಕಟ್ಟಿ ಬಿಟ್ಟರೆ ಅದು ಹಿಂದಕ್ಕಲ್ಲ, ಮುಂದಕ್ಕೆ ವಾಲುತ್ತದೆ. ಬಲೂನಿಗೆ ಜಡತ್ವ ಇಲ್ಲವೆಂದಲ್ಲ. ಕಾರಿನೊಳಗಿನ ಗಾಳಿಗೂ ಜಡತ್ವವಿದೆ, ಅದು ಸಮಗಾತ್ರದ ಹೀಲಿಯಂಗಿಂತ ಆರೇಳು ಪಟ್ಟು ಭಾರ. ಕಾರು ಮುಂದಕ್ಕೆ ನುಗ್ಗಿದಾಗ ಗಾಳಿ ಹಿಂದೆ ಒತ್ತರಿಸಿಕೊಳ್ಳುತ್ತದೆ. 3 ಮೀಟರ್ ಉದ್ದದ ಕಾರಿನೊಳಾಂಗಣದಲ್ಲಿ 2 ಮೀ/ಸೆ² ವೇಗೋತ್ಕರ್ಷಕ್ಕೆ ಹಿಂಗಾಜಿನ ಬಳಿಯ ಒತ್ತಡ ಮುಂಗಾಜಿನ ಬಳಿಗಿಂತ ಕೇವಲ 7 ಪಾಸ್ಕಲ್ ಹೆಚ್ಚು. ವಾತಾವರಣದ ಒತ್ತಡ ಒಂದು ಲಕ್ಷ ಪಾಸ್ಕಲ್ ಇರುವಾಗ ಇದು ಏನೂ ಅಲ್ಲ, ಆದರೆ ಬಲೂನನ್ನು ಮುಂದಕ್ಕೆ ದೂಡಲು ಅಷ್ಟೇ ಸಾಕು. "ಕೆಳಗೆ" ಹಿಂದಕ್ಕೆ ವಾಲಿದೆಯೆಂದರೆ "ಮೇಲೆ" ಮುಂದಕ್ಕೆ ವಾಲಿದೆ, ಬಲೂನು ಎಂದಿನಂತೆ ಮೇಲಕ್ಕೇ ಹೋಗುತ್ತಿದೆ. ಮಟ್ಟಗೋಲಿನ ಗುಳ್ಳೆಯೂ ಹೀಗೇ ಮುಂದಕ್ಕೆ ಓಡುತ್ತದೆ.

ತಿರುವಿನಲ್ಲಿ ವಾಲುವಿಕೆ ಪಕ್ಕಕ್ಕೆ. ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿ: 25 ಮೀಟರ್ ತ್ರಿಜ್ಯದ ತಿರುವನ್ನು 36 ಕಿ.ಮೀ. ವೇಗದಲ್ಲಿ ತೆಗೆದುಕೊಂಡರೆ 4 ಮೀ/ಸೆ², ಗುಂಡು 22 ಡಿಗ್ರಿ ಹೊರಕ್ಕೆ. ಅದೇ ತಿರುವಿಗೆ 54ರಲ್ಲಿ ಹೋದರೆ 9 ಮೀ/ಸೆ² ಬೇಕು, ಒಣ ರಸ್ತೆಯ ಮೇಲೂ ಸಾಮಾನ್ಯ ಟೈರು ಕೊಡಬಲ್ಲದ್ದು 8ರ ಆಸುಪಾಸು. ಕಾರು ಜಾರಿ ನೇರ ಹೋಗುತ್ತದೆ. ಬಾಗಿಲಿಗೆ ಒರಗಿ ಕೂತವರನ್ನು ಯಾವುದೋ ಬಲ ಹೊರಕ್ಕೆ ನೂಕುತ್ತಿದೆ ಎನ್ನಿಸುವುದು ಕಾರಿನೊಳಗಿನ ನೋಟ. ರಸ್ತೆಯ ನೋಟದಲ್ಲಿ ಅವರು ನೇರ ಹೋಗುತ್ತಿದ್ದರು, ಬಾಗಿಲು ಬಂದು ಒಳಕ್ಕೆ ನೂಕಿತು.

ಕಿವಿಯೊಳಗಿನ ಸಮತೋಲನದ ಅಂಗಕ್ಕೂ ಈ ವಾಲುವಿಕೆಗೂ ನಿಜವಾದ ಓರೆಗೂ ವ್ಯತ್ಯಾಸ ತಿಳಿಯದು. ವಿಮಾನ 2.5 ಮೀ/ಸೆ² ದರದಲ್ಲಿ ವೇಗ ಏರಿಸಿಕೊಳ್ಳುತ್ತಿದ್ದರೆ ಕಣ್ಣು ಮುಚ್ಚಿದವರಿಗೆ ಮೂಗು 14 ಡಿಗ್ರಿ ಮೇಲೆದ್ದಂತೆ ಅನ್ನಿಸುತ್ತದೆ, ಅದಿನ್ನೂ ರನ್‌ವೇ ಮೇಲೆಯೇ ಇದ್ದರೂ. ಕತ್ತಲಲ್ಲಿ ನೆಲದ ದೀಪವೂ ಕಾಣದಾಗ ಈ ಭ್ರಮೆಗೆ ಒಳಗಾಗಿ ಪೈಲಟ್‌ಗಳು ಮೂಗು ತಗ್ಗಿಸಿ ನೆಲಕ್ಕೆ ಅಪ್ಪಳಿಸಿದ್ದುಂಟು. ಹೀಗಾಗಿ ಮೈಯ ಮಾತು ಕೇಳಬೇಡಿ, ಉಪಕರಣ ನೋಡಿ ಎಂದು ಅವರಿಗೆ ಒತ್ತಿ ಒತ್ತಿ ಕಲಿಸುತ್ತಾರೆ. ಫೋನಿನೊಳಗಿನ ವೇಗೋತ್ಕರ್ಷ ಸಂವೇದಕಕ್ಕೂ ಇದೇ ಮಿತಿ. 100 ಕಿ.ಮೀ. ವೇಗದಲ್ಲಿ ನೇರ ಓಡುವ ಕಾರಿನಲ್ಲಿ ಅದು ಮೇಜಿನ ಮೇಲಿಟ್ಟಾಗ ತೋರಿಸುವ ಅದೇ 9.8 ತೋರಿಸುತ್ತದೆ. ಸುರಂಗದಲ್ಲಿ ಉಪಗ್ರಹದ ಸಂಕೇತ ತಪ್ಪಿದಾಗ ಬರೀ ಈ ಸಂವೇದಕವನ್ನು ನಂಬಿ ಸ್ಥಳ ಲೆಕ್ಕ ಹಾಕಿದರೆ, ಗುರುತ್ವದ ಸಾವಿರದಲ್ಲೊಂದು ಪಾಲಿನ ದೋಷವೂ ಒಂದು ನಿಮಿಷಕ್ಕೆ 18 ಮೀಟರ್, ಹತ್ತು ನಿಮಿಷಕ್ಕೆ 1.8 ಕಿ.ಮೀ. ತಪ್ಪಾಗಿ ಬೆಳೆಯುತ್ತದೆ.

ಸೀಟ್ ಬೆಲ್ಟ್‌ನೊಳಗಿನ ಗುಂಡು

ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ 13.9 ಮೀಟರ್. ಕಾರು ಗೋಡೆಗೆ ಗುದ್ದಿ ಅದರ ಮೂತಿ 60 ಸೆಂ.ಮೀ. ನಜ್ಜುಗುಜ್ಜಾಗಿ ನಿಂತಿತು ಎನ್ನಿ. ನಿಲ್ಲಲು ಹಿಡಿದದ್ದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಬೆಲ್ಟ್ ಬಿಗಿದುಕೊಂಡವರು ಕಾರಿನ ಜೊತೆಗೇ ಆ 60 ಸೆಂ.ಮೀ. ದೂರದಲ್ಲಿ ನಿಲ್ಲುತ್ತಾರೆ: ಸರಾಸರಿ ಗುರುತ್ವದ 16 ಪಟ್ಟು. 60 ಕೆ.ಜಿ. ತೂಕದವರನ್ನು ಬೆಲ್ಟ್ ಸುಮಾರು ಒಂದು ಟನ್ ಬಲದಿಂದ ಹಿಡಿದಿಟ್ಟಿತು. ನೋವಾಗುತ್ತದೆ, ಮೂಳೆ ಮುರಿಯಲೂಬಹುದು, ಆದರೆ ಬದುಕುವ ಮಟ್ಟದ ಪೆಟ್ಟು. ಬೆಲ್ಟ್ ಇಲ್ಲದವರಿಗೆ ಆ 60 ಸೆಂ.ಮೀ. ಸಿಗುವುದೇ ಇಲ್ಲ. ಕಾರು ನಿಲ್ಲುತ್ತಿರುವಾಗ ಅವರು 50ರಲ್ಲೇ ಮುಂದೆ ಹೋಗುತ್ತಿರುತ್ತಾರೆ, ಆಗಲೇ ನಿಂತುಬಿಟ್ಟ ಡ್ಯಾಶ್‌ಬೋರ್ಡಿಗೆ ತಾಗಿ ಐದು ಸೆಂ.ಮೀ.ನಲ್ಲಿ ನಿಲ್ಲುತ್ತಾರೆ. ದೂರ ಹನ್ನೆರಡರಲ್ಲಿ ಒಂದು ಪಾಲಾಯಿತು, ಬಲ ಹನ್ನೆರಡು ಪಟ್ಟಾಯಿತು: ಗುರುತ್ವದ 200 ಪಟ್ಟಿನ ಹತ್ತಿರ.

ತೊಡೆಯ ಮೇಲಿನ 10 ಕೆ.ಜಿ. ಮಗುವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ ಎನ್ನುವವರಿಗೆ ಉತ್ತರ ಈ ಲೆಕ್ಕದಲ್ಲೇ ಇದೆ. ಆ ಗಳಿಗೆಯಲ್ಲಿ ಮಗು 160 ಕೆ.ಜಿ. ತೂಕದಂತೆ ಕೈಯಿಂದ ಕಿತ್ತುಕೊಳ್ಳುತ್ತದೆ. ಎಂಥ ಕಟ್ಟುಮಸ್ತಾದ ತೋಳಿಗೂ ಅದು ಆಗುವ ಕೆಲಸವಲ್ಲ. ಹಿಂದಿನ ಸೀಟಿನವರಿಗೂ ಮುಂದಿನ ಸೀಟಿನ ಬೆನ್ನೇ ಡ್ಯಾಶ್‌ಬೋರ್ಡ್.

ಈಗಿನ ಮೂರು ಬಿಂದುಗಳ ಬೆಲ್ಟನ್ನು ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ. ಮಾಮೂಲಿ ಹೊತ್ತಿನಲ್ಲಿ ಸಡಿಲವಾಗಿದ್ದು ಅಪಾಯದಲ್ಲಿ ಬಿಗಿಯುವ ಸುರುಳಿಪೆಟ್ಟಿಗೆಯ ಒಳಗೆ ಜಡತ್ವವೇ ಕೆಲಸಕ್ಕಿದೆ. ಬಹಳಷ್ಟು ಕಾರುಗಳಲ್ಲಿ ಒಂದು ಪುಟ್ಟ ಬಟ್ಟಲಿನಲ್ಲಿ ಉಕ್ಕಿನ ಗುಂಡು ಕೂತಿರುತ್ತದೆ. ಬ್ರೇಕ್ ಜೋರಾದಾಗ ಗುಂಡು ಹಳೆಯ ವೇಗದಲ್ಲೇ ಮುಂದೆ ಹೋಗಿ ಬಟ್ಟಲಿನ ಅಂಚು ಹತ್ತುತ್ತದೆ, ಮೇಲಿನ ಸನ್ನೆಕೋಲನ್ನು ಎತ್ತುತ್ತದೆ, ಸನ್ನೆಕೋಲು ಸುರುಳಿಯ ಹಲ್ಲುಗಾಲಿಗೆ ಸಿಕ್ಕಿಕೊಳ್ಳುತ್ತದೆ. ವಿಶ್ವಸಂಸ್ಥೆಯ 16ನೇ ವಾಹನ ನಿಯಮದ ಪ್ರಕಾರ ವೇಗದ ಇಳಿಕೆ ಗುರುತ್ವದ 0.45 ಪಾಲು ತಲುಪುವುದರೊಳಗೆ ಅದು ಬಿಗಿಯಬೇಕು. ಕಿವಿಯೊಳಗಿನ ಅಂಗದಂತೆ ಈ ಗುಂಡಿಗೂ ಬ್ರೇಕ್ ಯಾವುದು, ಓರೆ ಯಾವುದು ಎಂಬ ವ್ಯತ್ಯಾಸ ತಿಳಿಯದು, ಅದಕ್ಕೇ ಅದೇ ನಿಯಮದಲ್ಲಿ ಓರೆಯ ಮಾತೂ ಇದೆ: 12 ಡಿಗ್ರಿವರೆಗಿನ ಓರೆಗೆ ಬಿಗಿಯಬಾರದು, 27 ಡಿಗ್ರಿ ಮೀರಿದರೆ ಬಿಗಿಯಲೇಬೇಕು. ಕಡಿದಾದ ಇಳಿಜಾರಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬೆಲ್ಟ್ ಹೊರಗೆ ಬರದೆ ಸತಾಯಿಸಿದರೆ ಅದು ಕೆಟ್ಟಿಲ್ಲ. ಜಗ್ಗಾಡಿದಷ್ಟೂ ಹಲ್ಲು ಬಿಗಿಯಾಗಿ ಕೂರುತ್ತದೆ. ಬೆಲ್ಟನ್ನು ಒಂದೆರಡು ಸೆಂ.ಮೀ. ಒಳಕ್ಕೆ ಬಿಟ್ಟು, ಸಿಕ್ಕು ಬಿಡಿಸಿ, ನಿಧಾನ ಎಳೆಯಿರಿ. ಆಗಲೂ ಬರದಿದ್ದರೆ ಕಾರನ್ನು ಸಮತಟ್ಟಾದ ಜಾಗಕ್ಕೆ ತಂದು ಹಾಕಿಕೊಳ್ಳುವುದೇ ಸರಿ.

ನಿಂತ ಕಾರಿನಲ್ಲಿ ಬೆಲ್ಟನ್ನು ಸರ್ರನೆ ಎಳೆದು, ಬಿಗಿಯಿತು, ಸರಿಯಿದೆ ಎನ್ನುವವರಿದ್ದಾರೆ. ಆ ಪರೀಕ್ಷೆ ಪಟ್ಟಿಯನ್ನು ರಭಸದಿಂದ ಎಳೆದಾಗ ಕೆಲಸ ಮಾಡುವ ಎರಡನೆಯ ವ್ಯವಸ್ಥೆಯದು, ಗುಂಡಿನದಲ್ಲ. ಬೆಲ್ಟ್ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ದಪ್ಪ ಕೋಟಿನ ಮೇಲೆ ಸಡಿಲವಾಗಿ ಹಾಕಿದರೆ ಆ ಸಡಿಲಿನಷ್ಟು ದೂರ ನಿಲ್ಲುವ ದೂರದಿಂದ ಕಳೆದುಹೋಗುತ್ತದೆ. ಚಾಲಕನ ಸೀಟಿನ ಕೆಳಗೆ ಉರುಳಾಡುವ ನೀರಿನ ಬಾಟಲಿಯನ್ನೂ ಎತ್ತಿಡಿ: ಬ್ರೇಕ್ ಒತ್ತಿದಾಗಲೇ ಅದು ಮುಂದಕ್ಕೆ ಉರುಳಿ ಪೆಡಲಿನ ಅಡಿಗೆ ಸೇರುವುದು.

ಸರಕು

"ಐನೂರು ಕೆ.ಜಿ. ಪೆಟ್ಟಿಗೆ, ತನ್ನ ಭಾರಕ್ಕೇ ಕೂತಿರುತ್ತದೆ" ಎಂಬ ಮಾತು ಲಾರಿ ತುಂಬುವ ಕಡೆ ಕಿವಿಗೆ ಬೀಳುತ್ತಲೇ ಇರುತ್ತದೆ. ಭಾರ ಹೆಚ್ಚಿದಂತೆ ಘರ್ಷಣೆ ಹೆಚ್ಚುವುದು ನಿಜ, ಆದರೆ ತಡೆಯಬೇಕಾದ ಬಲವೂ ಅಷ್ಟೇ ಹೆಚ್ಚುತ್ತದೆ. ಎರಡೂ ಹೊಡೆದುಹೋಗಿ ಭಾರ ಲೆಕ್ಕದಿಂದಲೇ ಹೊರಬೀಳುತ್ತದೆ. ಉಳಿಯುವುದು ಎರಡೇ: ಎಷ್ಟು ಜೋರಿನ ಬ್ರೇಕ್, ಎಷ್ಟು ಜಾರುವ ನೆಲ. ಯುರೋಪಿನ ಸರಕು ಬಿಗಿಯುವ ಮಾನದಂಡದಲ್ಲಿ ರಸ್ತೆ ವಾಹನಕ್ಕೆ ಮುಂದಕ್ಕೆ ತೂಕದ 0.8 ಪಾಲು, ಪಕ್ಕಕ್ಕೂ ಹಿಂದಕ್ಕೂ 0.5 ಪಾಲು ಬಲ ತಡೆಯುವಂತೆ ಕಟ್ಟಬೇಕೆಂದಿದೆ. 500 ಕೆ.ಜಿ. ಪೆಟ್ಟಿಗೆಗೆ ಮುಂದಕ್ಕೆ 400 ಕೆ.ಜಿ. ತೂಕದಷ್ಟು. ನೆಲದ ಘರ್ಷಣಾಂಕ (ತೂಕದ ಎಷ್ಟು ಪಾಲನ್ನು ಘರ್ಷಣೆ ತಡೆಯಬಲ್ಲದು ಎಂಬ ಅಂಕಿ) 0.3 ಇದ್ದರೆ ಅದರಲ್ಲಿ 150ನ್ನು ಘರ್ಷಣೆ ನೋಡಿಕೊಳ್ಳುತ್ತದೆ, ಮಿಕ್ಕ 250 ಹಗ್ಗ, ಪಟ್ಟಿ ಅಥವಾ ಮುಂದಿನ ಹಲಗೆಯ ಪಾಲು.

ಪೆಟ್ಟಿಗೆಗೂ ಮುಂದಿನ ಹಲಗೆಗೂ ನಡುವೆ ಒಂದು ಮೀಟರ್ ಖಾಲಿ ಬಿಟ್ಟರೆ ಏನಾಗುತ್ತದೆ ನೋಡಿ. ಲಾರಿಯ ವೇಗ 6 ಮೀ/ಸೆ² ದರದಲ್ಲಿ ಇಳಿಯುತ್ತಿದೆ, ಘರ್ಷಣೆ ಪೆಟ್ಟಿಗೆಯ ವೇಗವನ್ನು 3ರ ದರದಲ್ಲಷ್ಟೇ ಇಳಿಸಬಲ್ಲದು. ಉಳಿದ 3ರಲ್ಲಿ ಪೆಟ್ಟಿಗೆ ಲಾರಿಗೆ ಹೋಲಿಸಿ ಮುಂದೆ ಓಡುತ್ತದೆ, ಒಂದು ಮೀಟರ್ ದಾಟುವಷ್ಟರಲ್ಲಿ ಸೆಕೆಂಡಿಗೆ ಎರಡೂವರೆ ಮೀಟರ್ ವೇಗ ಗಳಿಸಿ ಹಲಗೆಗೆ ಗುದ್ದುತ್ತದೆ. ಹಲಗೆಯಾಚೆ ಚಾಲಕ ಕೂತಿದ್ದಾನೆ. ಸರಕನ್ನು ಮುಂದಿನ ಹಲಗೆಗೆ ತಾಗಿಸಿಯೇ ಪೇರಿಸಬೇಕು, ಆಗದಿದ್ದರೆ ಸಂದಿನಲ್ಲಿ ಮರದ ತುಂಡು ತುಂಬಬೇಕು. ಮೇಲಿಂದ ಅಡ್ಡ ಬಿಗಿದ ಪಟ್ಟಿ ಪೆಟ್ಟಿಗೆಯನ್ನು ಹಿಡಿದಿಟ್ಟಂತೆ ಕಂಡರೂ ಅದು ಮಾಡುವುದು ಕೆಳಕ್ಕೆ ಒತ್ತಿ ಘರ್ಷಣೆ ಹೆಚ್ಚಿಸುವುದನ್ನಷ್ಟೇ. ಅಡಿಗೆ ರಬ್ಬರ್ ಚಾಪೆ ಹಾಸಿದರೆ ಎಷ್ಟೋ ಸಲ ಇನ್ನೊಂದು ಪಟ್ಟಿಗಿಂತ ಹೆಚ್ಚು ಉಪಯೋಗ.

ದ್ರವವನ್ನು ಕಟ್ಟಿಹಾಕಲು ಪಟ್ಟಿಯೇ ಇಲ್ಲ. ಪೂರ್ತಿ ತುಂಬಿದ ಟ್ಯಾಂಕರ್‌ಗಿಂತ ಅರ್ಧ ತುಂಬಿದ್ದು ಓಡಿಸಲು ಕಷ್ಟ, ಯಾಕೆಂದರೆ ಅಲೆಗೆ ಓಡಾಡಲು ಜಾಗವಿದೆ. ಒಳಗೆ ಅಡ್ಡಡ್ಡ ತೂತಿನ ಹಲಗೆಗಳನ್ನಿಟ್ಟು ಹಿಂದುಮುಂದಿನ ಅಲೆಯನ್ನು ಮುರಿಯುತ್ತಾರೆ, ಪಕ್ಕದಿಂದ ಪಕ್ಕಕ್ಕೆ ಹೋಗುವ ಅಲೆಗೆ ಅವು ಅಡ್ಡ ಬರುವುದಿಲ್ಲ. ತಿರುವಿನಲ್ಲಿ ಟ್ಯಾಂಕರ್ ಮಗುಚುವುದಕ್ಕೆ ಇದೂ ಒಂದು ಕಾರಣ. ಹಾಲಿನಂಥ ಆಹಾರ ಪದಾರ್ಥದ ಟ್ಯಾಂಕರ್‌ಗಳಲ್ಲಿ ಒಳಭಾಗ ತೊಳೆಯಲು ಅಡ್ಡಿಯೆಂದು ಸಾಮಾನ್ಯವಾಗಿ ಹಲಗೆಗಳೇ ಇರುವುದಿಲ್ಲ. ಅಂಥ ಗಾಡಿ ಸಿಗ್ನಲ್ಲಿನಲ್ಲಿ ಪೂರ್ತಿ ನಿಂತ ಮೇಲೆ ಒಳಗಿನ ಅಲೆ ಬಂದು ಮುಂದಿನ ಗೋಡೆಗೆ ಬಡಿಯುತ್ತದೆ, ರಸ್ತೆ ಒದ್ದೆಯಾಗಿದ್ದರೆ ನಿಂತ ಗಾಡಿಯನ್ನೇ ಅಡ್ಡರಸ್ತೆಗೆ ನೂಕಬಲ್ಲದು. ಅದನ್ನು ಓಡಿಸುವವರು ಮುಂದೆ ಜಾಗ ಬಿಟ್ಟೇ ನಿಲ್ಲಿಸುತ್ತಾರೆ, ಅಲೆ ಎರಡು ಮೂರು ಸಲ ಹೋಗಿ ಬಂದು ತಣ್ಣಗಾಗುವ ತನಕ ಬ್ರೇಕಿನಿಂದ ಕಾಲು ತೆಗೆಯುವುದಿಲ್ಲ.